ಕಿಮ್ಚಿ ಬರೀ ತರಕಾರಿ ಅಲ್ಲ: ಒಂದು ಸ್ಪಷ್ಟನೆ

"ಕಿಮ್ಚಿ ಅಂದ್ರೆ ಎಲೆಕೋಸು, ಖಾರದಪುಡಿ ಅಷ್ಟೇ. ಸಸ್ಯಾಹಾರಿಗಳು ಕೊರಿಯನ್ ಅಂಗಡಿಯಲ್ಲಿ ಯಾವ ಡಬ್ಬಿ ಬೇಕಾದ್ರೂ ತಗೊಳ್ಳಬಹುದು" ಎಂದು ಕೊರಿಯಾದ ಹುಳಿ ಬರಿಸಿದ ತರಕಾರಿ ಖಾದ್ಯ ಕಿಮ್ಚಿಯ ಬಗ್ಗೆ ಒಂದು ಸಂದೇಶ ಓಡಾಡುತ್ತಿದೆ. ಇದು ತಪ್ಪು.

ಸಾಮಾನ್ಯ ಕಿಮ್ಚಿಯಲ್ಲಿ ನಾಪಾ ಕೋಸು (ಉದ್ದನೆಯ ಚೀನೀ ಎಲೆಕೋಸು), ಉಪ್ಪು, ಗೊಚುಗಾರು ಎಂಬ ಕೊರಿಯನ್ ಖಾರದಪುಡಿ, ಬೆಳ್ಳುಳ್ಳಿ, ಶುಂಠಿಯ ಜೊತೆಗೆ 'ಜೊತ್ಗಲ್' ಕೂಡ ಇರುತ್ತದೆ. ಅಂದರೆ ಉಪ್ಪು ಹಾಕಿ ಹುಳಿ ಬರಿಸಿದ ಪುಟ್ಟ ಸಿಗಡಿ ಅಥವಾ ಮೀನು. ಕೆಲವರು ಇದರ ಬದಲು ಮೀನಿನ ಸಾಸ್ ಹಾಕುತ್ತಾರೆ. ಮಸಾಲೆಯಲ್ಲಿ ಕರಗಿಹೋಗುವುದರಿಂದ ಕಣ್ಣಿಗೆ ಕಾಣುವುದೇ ಇಲ್ಲ. ಸಿಗಡಿ ಅಲರ್ಜಿ ಇರುವವರಿಗಂತೂ ಈ ಸಂದೇಶ ಅಪಾಯಕಾರಿ.

ಹಾಗಂತ ಕಿಮ್ಚಿಯನ್ನೇ ಬಿಡಬೇಕಿಲ್ಲ. ಅದು ಹುಳಿ ಬರಲು ಮೀನು ಬೇಕಾಗಿಲ್ಲ. ನಮ್ಮ ದೋಸೆ ಹಿಟ್ಟಿನಲ್ಲಿ ಆಗುವಂತೆ, ಕೋಸಿನಲ್ಲೇ ಇರುವ ಬ್ಯಾಕ್ಟೀರಿಯಾ ಆ ಕೆಲಸ ಮಾಡುತ್ತವೆ. ಕೊರಿಯಾದ ಬೌದ್ಧ ಮಠಗಳಲ್ಲಿ ಮೀನು ಮಾತ್ರವಲ್ಲ, ಈರುಳ್ಳಿ, ಬೆಳ್ಳುಳ್ಳಿಯನ್ನೂ ಹಾಕದೆ ಕಿಮ್ಚಿ ಮಾಡುತ್ತಾರೆ. ಸಾತ್ವಿಕ ಅಡುಗೆಯ ನಮ್ಮ ಮನೆಗಳಿಗೆ ಎಷ್ಟು ಹತ್ತಿರ, ಅಲ್ವಾ!

ಅಂಗಡಿಯಲ್ಲಿ 'ವೀಗನ್' (ಪ್ರಾಣಿಮೂಲದ ಯಾವುದೂ ಇಲ್ಲದ್ದು) ಎಂದು ಬರೆದಿರುವುದನ್ನೇ ತೆಗೆದುಕೊಳ್ಳಿ. ಥಾಯ್ ಕರಿ ಪೇಸ್ಟ್‌ನಲ್ಲೂ ಹೆಚ್ಚಾಗಿ ಸಿಗಡಿ ಇರುತ್ತದೆ. ಜಪಾನಿನ ಹುಳಿ ಬರಿಸಿದ ಪೇಸ್ಟ್ ಆದ ಮಿಸೊ ಸೋಯಾದ್ದೇ ಆದರೂ, ದಿಢೀರ್ ಮಿಸೊ ಸೂಪಿನ ಪ್ಯಾಕೆಟ್‌ಗಳಲ್ಲಿ ಜಾಸ್ತಿ ಕಾಣುವುದು ಒಣಮೀನಿನ ಸಾರ.