ನಡುಕ ಬರುವುದು ಇಂಗ್ಲಿಷಿಗಲ್ಲ

ಶಿವಮೊಗ್ಗದಲ್ಲಿ ಡಿಗ್ರಿ ಮಕ್ಕಳಿಗೆ ಇಂಗ್ಲಿಷ್ ಪಾಠ ಮಾಡುವವನು ನಾನು. ರೋಲ್ ನಂಬರ್ ಪ್ರಕಾರ ಒಬ್ಬೊಬ್ಬರಿಂದ ಓದಿಸಿದರೆ ಏನಾಗುತ್ತದೆ ಗೊತ್ತಾ? ಹಿಂದಿನ ಬೆಂಚಿನವರು ಮುಂದಿರುವವರ ತಲೆ ಎಣಿಸುತ್ತಾರೆ. ತಮ್ಮ ಪಾಲಿಗೆ ಬರುವ ಪ್ಯಾರಾ ಯಾವುದು ಅಂತ ಲೆಕ್ಕ ಹಾಕಿ, ಪಕ್ಕದಲ್ಲಿ ಪೆನ್ಸಿಲಿನಿಂದ ಕನ್ನಡ ಅಕ್ಷರದಲ್ಲಿ ಉಚ್ಚಾರ ಬರೆದುಕೊಳ್ಳುತ್ತಾರೆ. ಅಲ್ಲಿಯವರೆಗೆ ಪಾಠದ ಒಂದು ಮಾತೂ ಕಿವಿಗೆ ಬಿದ್ದಿರುವುದಿಲ್ಲ. ನಡುವೆ ಯಾರಾದರೂ 'ಗೊತ್ತಿಲ್ಲ ಸಾರ್' ಅಂತ ಕೂತುಬಿಟ್ಟರೆ ಮುಗೀತು, ಲೆಕ್ಕವೆಲ್ಲ ತಲೆಕೆಳಗು!

ಇವರೇನು ದಡ್ಡರಲ್ಲ. ಹೊಸನಗರದ ಕಡೆಯ ಹುಡುಗಿಯನ್ನು ಕ್ಯಾಂಟೀನಿನಲ್ಲಿ ಮಾತಾಡಿಸಿ ನೋಡಿ. ಅಡಿಕೆ ಎಲೆಚುಕ್ಕಿ ರೋಗದ ಬಗ್ಗೆ ಕಾಲು ಗಂಟೆ ಹೇಳುತ್ತಾಳೆ. ಅದನ್ನೇ ಸೆಮಿನಾರಿನಲ್ಲಿ ಇಂಗ್ಲಿಷಿನಲ್ಲಿ ಹೇಳು ಅಂದರೆ ಕೈಯಲ್ಲಿರುವ ಹಾಳೆ ಗಡಗಡ.

'ಹಳ್ಳಿ ಮಕ್ಕಳು, ಕನ್ನಡ ಮೀಡಿಯಂ, ಇನ್ನೇನಾಗುತ್ತೆ' ಅನ್ನುವವರೇ ಜಾಸ್ತಿ. ನಾನಂತೂ ಒಪ್ಪುವುದಿಲ್ಲ. ಭಾಷಾ ಕಲಿಕೆಯ ಬಗ್ಗೆ ಸಂಶೋಧನೆ ಮಾಡಿದ ಅಮೆರಿಕದ ಎಲೈನ್ ಹಾರ್ವಿಟ್ಜ್ ಮತ್ತು ಸಂಗಡಿಗರು 1986ರಲ್ಲಿ, ಕ್ಲಾಸಿನಲ್ಲಿ ಬೇರೆ ಭಾಷೆ ಮಾತಾಡುವ ಇದೇ ಭಯವನ್ನು ಅಳೆಯುವುದಕ್ಕೆ 33 ಹೇಳಿಕೆಗಳ ಪಟ್ಟಿ ಮಾಡಿದರು. ಯಾರನ್ನು ಕೇಳಿದ್ದು ಅಂದುಕೊಂಡಿರಿ? ಟೆಕ್ಸಾಸಿನಲ್ಲಿ ಸ್ಪ್ಯಾನಿಷ್ ಕಲಿಯಲು ಹೊರಟ ಕಾಲೇಜು ಹುಡುಗರನ್ನು. ನನ್ನ ಹೆಸರು ಕರೆಯುತ್ತಾರೆ ಅಂದರೆ ನಡುಕ ಬರುತ್ತದೆ, ಮಾತಾಡಿದರೆ ಉಳಿದವರು ನಗುತ್ತಾರೆ. ಇಂಥವೆಲ್ಲ ಆ ಪಟ್ಟಿಯಲ್ಲಿವೆ. ನಮ್ಮ ಹಿಂದಿನ ಬೆಂಚೇ ಅಲ್ವಾ?

ನನ್ನ ಪ್ರಕಾರ ಇದರಲ್ಲಿ ಅರ್ಧ ತಪ್ಪು ನಗುವವರದ್ದು. ನಗುವವನಿಗೂ ನೆಟ್ಟಗೆ ಎರಡು ವಾಕ್ಯ ಬರುವುದಿಲ್ಲ, ಅದು ಬೇರೆ ಮಾತು. ಉಳಿದರ್ಧ ನಾವು ಮೇಷ್ಟ್ರುಗಳದ್ದು. ಮಗು 'ಶೀ ಗೋ' ಅನ್ನುವಷ್ಟರಲ್ಲಿ 'ಗೋಸ್, ಗೋಸ್' ಅಂತ ಬಾಯಿ ಹಾಕುತ್ತೇವೆ. ಪೂರ್ತಿ ಹೇಳಲಿ ಬಿಡಿ, ಆಮೇಲೆ ತಿದ್ದಿದರೆ ಗಂಟೇನು ಹೋಗುತ್ತೆ? ಪ್ರಶ್ನೆ ಕೇಳಿದ ಮೇಲೂ ಅಷ್ಟೇ, ನಮಗೆ ತಾಳ್ಮೆಯಿಲ್ಲ. ಮೇರಿ ಬಡ್ ರೋ ಎಂಬ ಅಮೆರಿಕದ ಶಿಕ್ಷಣ ಸಂಶೋಧಕಿ 1970ರ ದಶಕದಲ್ಲೇ ವಿಜ್ಞಾನದ ತರಗತಿಗಳಲ್ಲಿ ಇದನ್ನು ಗಮನಿಸಿದ್ದರು. ಮೇಷ್ಟ್ರು ಹೆಚ್ಚುಕಮ್ಮಿ 1 ಸೆಕೆಂಡು ಕಾದು ಮುಂದೆ ಹೋಗುತ್ತಾರೆ. 3 ಸೆಕೆಂಡು ಕಾದರೆ ಮಕ್ಕಳ ಉತ್ತರ ಉದ್ದವಾಗುತ್ತದೆ.

'ಇಂಟರ್‌ವ್ಯೂನಲ್ಲಿ ಯಾರು ಕಾಯ್ತಾರೆ ಸಾರ್?' ಅಂತ ಸಹೋದ್ಯೋಗಿಯೊಬ್ಬರು ಕೇಳಿದರು. ಸರಿ, ಕಾಯುವುದಿಲ್ಲ. ಆದರೆ ಈಜು ಕಲಿಸುತ್ತೇನೆ ಅಂತ ಆಷಾಢದ ತುಂಗೆಗೆ ಯಾರಾದರೂ ತಳ್ಳುತ್ತಾರಾ? ನನ್ನ ಕ್ಲಾಸಿನಲ್ಲಿ ಈಗ ಮೊದಲು ಪಕ್ಕದವರ ಜೊತೆ ಮಾತು, ಆಮೇಲೆ ನಾಲ್ಕು ಜನರ ಗುಂಪಿನಲ್ಲಿ, ಕೊನೆಗೆ ಬೋರ್ಡಿನ ಮುಂದೆ. ನಡುವೆ ಕನ್ನಡ ಬಂದರೆ ಮಾರ್ಕ್ಸ್ ಕಟ್ ಇಲ್ಲ. ಕ್ಲಾಸು ಸಂತೆಯಾಗಿದೆ ಅಂತ ಪಕ್ಕದ ರೂಮಿನವರು ಆಗಲೇ ದೂರು ಕೊಟ್ಟಾಗಿದೆ.