ತಾರೀಕೊಂದು ಬಿಟ್ಟು ಎಲ್ಲವೂ ಇರುವ ಫ್ಲೈಯರ್

ಕ್ಲಬ್ ನೈಟ್‌ನ ಫ್ಲೈಯರ್ ಎಂದರೆ ಡಿಜೆಗಳು ನುಡಿಸುವ ರಾತ್ರಿಯ ಕಾರ್ಯಕ್ರಮಕ್ಕೆ ಕರೆಯುವ ಅಂಗೈಯಗಲದ ಕಾಗದ. ಸಾಮಾನ್ಯವಾಗಿ ಎ6, ಅಂದರೆ 105 × 148 ಮಿಲಿಮೀಟರ್. ಅದನ್ನು ಕೈಗೆ ತೆಗೆದುಕೊಂಡವರಿಗೆ ಬೇಕಾದದ್ದು ಐದೇ ಸಂಗತಿ: ಯಾವ ದಿನ, ಎಷ್ಟು ಹೊತ್ತಿಗೆ, ಎಲ್ಲಿ, ಯಾರು ನುಡಿಸುತ್ತಾರೆ, ಒಳಗೆ ಬಿಡಲು ಎಷ್ಟು ತೆಗೆದುಕೊಳ್ಳುತ್ತಾರೆ. ಹಾಗಾಗಿಯೇ ಈ ಐದನ್ನು ಕೊನೆಗೆ ನೋಡಿಕೊಂಡರಾಯಿತು ಎಂದು ಬಿಡುವ ಪದ್ಧತಿ ಬೆಳೆದಿದೆ. ಮೊದಲು ಪ್ರಾಯೋಜಕರ ಲೋಗೋ ಕೂರಬೇಕು. ಆಮೇಲೆ ಮಾಲೀಕರು ಆ ಲೋಗೋಗಿಂತ ತಮ್ಮ ಲೋಗೋ ಚಿಕ್ಕದಾಗಿದೆ ಎನ್ನಬೇಕು. ಮುಖ್ಯ ಡಿಜೆಯ ಮ್ಯಾನೇಜರ್ ಬಂದು, ಬೇರೆ ಹೆಸರುಗಳೆಲ್ಲ ತಮ್ಮವರ ಹೆಸರಿನ ಅರ್ಧ ಗಾತ್ರ ದಾಟಕೂಡದು ಎಂದು ಷರತ್ತು ಹಾಕಬೇಕು. ಇಷ್ಟೆಲ್ಲ ಮುಗಿದ ಮೇಲೆ ಮದುವೆ ಗದ್ದಲದಲ್ಲಿ ತಾಳಿ ಮರೆತಂತೆ ತಾರೀಕು ನೆನಪಾಗುತ್ತದೆ. ಉಳಿದ ಜಾಗ ಕೆಳಗಂಚಿನ ನಾಲ್ಕು ಮಿಲಿಮೀಟರ್.

ಆ ನಾಲ್ಕು ಮಿಲಿಮೀಟರಿನಲ್ಲೂ ಕತ್ತರಿಗೆ ಪಾಲಿದೆ. ಪ್ರೆಸ್ಸಿನವರು ಸುತ್ತಲೂ 3 ಮಿಲಿಮೀಟರ್ ಬ್ಲೀಡ್ (ಕತ್ತರಿಸುವ ಗೆರೆಯಾಚೆಗೂ ಚಾಚಿದ ಬಣ್ಣ) ಕೊಡಿ, ಅಕ್ಷರಗಳನ್ನು ಅಂಚಿನಿಂದ ಕನಿಷ್ಠ ಅಷ್ಟೇ ಒಳಗಿಡಿ ಎಂದು ಹೇಳುವುದು ಸುಮ್ಮನೆ ಅಲ್ಲ. ನೂರಾರು ಹಾಳೆಗಳ ಕಟ್ಟನ್ನು ಒಟ್ಟಿಗೆ ಕತ್ತರಿಸುವಾಗ ಬ್ಲೇಡಿನ ಒತ್ತಡಕ್ಕೆ ಹಾಳೆ ಕೊಂಚ ಜರುಗುತ್ತದೆ. ಆದರೆ ಡಿಸೈನಿಗೆ ಅಂದ ಬೇಕಲ್ಲ! ಅಂಚಿಗೆ ಒತ್ತಿಕೊಂಡು 2 ಮಿಲಿಮೀಟರಿನ ತೆಳು ಚೌಕಟ್ಟು ಎಳೆಯುತ್ತಾರೆ. ಕತ್ತರಿಸಿ ಬಂದಾಗ ಅದು ಎಡಕ್ಕೆ ದಪ್ಪ, ಬಲಕ್ಕೆ ಮಾಯ. ಬೈಗುಳ ಪ್ರೆಸ್ಸಿನವರಿಗೆ.

ಇನ್ನೂ ಬೇಗ ಕೆಲಸ ಮುಗಿಸುವ ದಾರಿಯಿದೆ. ಫೋನಿನಲ್ಲಿ ಹಂಚಿದ 1080 × 1080 ಪಿಕ್ಸೆಲ್‌ನ ಚೌಕ ಚಿತ್ರವನ್ನೇ ಪ್ರೆಸ್ಸಿಗೆ ಕಳಿಸಿ "ಇದನ್ನೇ ಹಾಕಿ" ಎನ್ನುವುದು. ಬ್ಲೀಡ್ ಸೇರಿ 111 × 154 ಮಿಲಿಮೀಟರಿಗೆ 300 ಡಿಪಿಐ, ಅಂದರೆ ಅಂಗುಲಕ್ಕೆ 300 ಚುಕ್ಕಿ ಬೇಕೆಂದರೆ ಸುಮಾರು 1311 × 1819 ಪಿಕ್ಸೆಲ್ ಇರಬೇಕು. ಚೌಕವನ್ನು ಆ ಎತ್ತರಕ್ಕೆ ಹಿಗ್ಗಿಸಿದರೆ ಉಳಿಯುವುದು 180 ಡಿಪಿಐ ಒಳಗೆ, ಜೊತೆಗೆ ಎರಡೂ ಬದಿ ಸೇರಿ ಕಾಲು ಭಾಗಕ್ಕಿಂತ ಹೆಚ್ಚು ಕತ್ತರಿಯ ಪಾಲು. ಮ್ಯಾನೇಜರ್ ಅಷ್ಟು ಜಗಳವಾಡಿ ದೊಡ್ಡದು ಮಾಡಿಸಿದ ಹೆಸರಿಗೆ ತಲೆಯೂ ಇಲ್ಲ, ಬಾಲವೂ ಇಲ್ಲ.

ಬಣ್ಣದ ವಿಷಯಕ್ಕೆ ಬಂದರೆ, ಹಿನ್ನೆಲೆ ಕಪ್ಪೇ ಆಗಬೇಕು. ರಾತ್ರಿಯ ಕಾರ್ಯಕ್ರಮವಲ್ಲವೇ! ಬರೀ ಕಪ್ಪು ಶಾಯಿ ಶೇಕಡಾ 100 ಹಾಕಿದರೆ ದೊಡ್ಡ ಹರವಿನಲ್ಲಿ ಅದು ಬೂದು ಹೊಡೆಯುತ್ತದೆ, ನಿಜ. ಅದಕ್ಕೆ ಮದ್ದೂ ಇದೆ: ಸಯಾನ್ (ತಿಳಿನೀಲಿ) 60, ಮೆಜೆಂಟಾ (ಕಡುಗುಲಾಬಿ) 40, ಹಳದಿ 40, ಕಪ್ಪು 100. ಒಟ್ಟು 240, ನುಣುಪು ಲೇಪದ ಕೋಟೆಡ್ ಕಾಗದ ಆರಾಮಾಗಿ ತಾಳಿಕೊಳ್ಳುತ್ತದೆ. ಆದರೆ ಧಾರಾಳಿಗಳು ನಾಲ್ಕಕ್ಕೂ 100 ಕೊಟ್ಟು 400 ಮಾಡುತ್ತಾರೆ. ಶಾಯಿ ಒಣಗುವುದಿಲ್ಲ, ಒಂದು ಹಾಳೆಯ ಕಪ್ಪು ಮೇಲಿನ ಹಾಳೆಯ ಬೆನ್ನಿಗೆ ಅಂಟುತ್ತದೆ. ಆ ಕಪ್ಪಿನ ನಡುವೆ 5 ಪಾಯಿಂಟಿನ ತೆಳು ಬಿಳಿ ಅಕ್ಷರ ಇಟ್ಟರಂತೂ ಮುಗಿಯಿತು. ಶಾಯಿಗೊಂದರಂತೆ ಇರುವ ನಾಲ್ಕು ಅಚ್ಚಿನ ಪ್ಲೇಟುಗಳಲ್ಲಿ ಒಂದು ಕೂದಲೆಳೆ ಸರಿದರೂ ಬಿಳಿಯೊಳಕ್ಕೆ ಬಣ್ಣ ನುಗ್ಗಿ ಅಕ್ಷರ ಮುಚ್ಚಿಹೋಗುತ್ತದೆ. ಅಕ್ಷರಕ್ಕೆ ಓವರ್‌ಪ್ರಿಂಟ್ (ಕೆಳಗಿನ ಬಣ್ಣ ಬಿಡಿಸದೆ ಅದರ ಮೇಲೆಯೇ ಅಚ್ಚು ಹಾಕು ಎಂಬ) ಗುರುತು ಉಳಿದಿದ್ದರೆ ಅಷ್ಟು ಕಷ್ಟವೂ ಇಲ್ಲ. ಬಿಳಿ ಅಕ್ಷರ ಅಚ್ಚಾಗುವುದೇ ಇಲ್ಲ. ಹಾಗೆ ಕಾಣೆಯಾಗುವುದು ಸಾಮಾನ್ಯವಾಗಿ ವಿಳಾಸ. ಪರದೆಯ ಮೇಲೆ ಮಿಂಚುವ ಆ ನಿಯಾನ್ ಹಸಿರು ನಾಲ್ಕು ಶಾಯಿಯಲ್ಲಿ ಹುಟ್ಟುವುದಿಲ್ಲ. ಅದಕ್ಕೆ ಐದನೆಯ ಪ್ಲೇಟು, ಫ್ಲೋರೊಸೆಂಟ್ ಶಾಯಿ ಬೇಕು. ಇಲ್ಲದಿದ್ದರೆ ಬರುವುದು ಪಾಚಿ.

"ವಿವರಕ್ಕೆ ಸ್ಕ್ಯಾನ್ ಮಾಡಿ" ಎಂಬ ಕ್ಯೂಆರ್ ಕೋಡ್ ಇದೆಯಲ್ಲ ಎನ್ನಬಹುದು. ಇದೆ. ಸುತ್ತ ನಾಲ್ಕು ಚುಕ್ಕಿಯಷ್ಟು ಖಾಲಿ ಜಾಗ, 2 ಸೆಂಟಿಮೀಟರಾದರೂ ಅಗಲ, ತಿಳಿ ಹಿನ್ನೆಲೆಯ ಮೇಲೆ ಗಾಢ ಬಣ್ಣ, ಇವಿಷ್ಟು ಅದರ ಬೇಡಿಕೆ. ಕೊಟ್ಟಿರುವುದು ಕಪ್ಪಿನ ಮೇಲೆ ನೇರಳೆ, ನಡುವೆ ಲೋಗೋ, ಮೇಲೆ ಹೊಳೆಯುವ ಲ್ಯಾಮಿನೇಷನ್. ಮಂದ ಬೆಳಕಿನ ಬಾಗಿಲಲ್ಲಿ ಟಾರ್ಚ್ ಹಾಕಿ ಹಿಡಿದರೆ ಕ್ಯಾಮೆರಾಗೆ ಕಾಣುವುದು ಟಾರ್ಚೇ.

ತಾರೀಕು ಅಚ್ಚಾದಾಗಲೂ ಅದು ಒಗಟು. "ಶನಿವಾರ ರಾತ್ರಿ 12ಕ್ಕೆ" ಎಂದರೆ ಶುಕ್ರವಾರ ಮುಗಿದು ಶನಿವಾರ ಹುಟ್ಟುವ ಹನ್ನೆರಡೋ, ಶನಿವಾರ ಮುಗಿಯುವ ಹನ್ನೆರಡೋ? ಅರ್ಧ ಜನ ಒಂದು ದಿನ ಮೊದಲೇ ಬಂದು ಬೀಗ ನೋಡುತ್ತಾರೆ. "ಶುಕ್ರವಾರ 14, ರಾತ್ರಿ 11ರಿಂದ ಶನಿವಾರ 15, ಬೆಳಗಿನ 4ರವರೆಗೆ" ಎಂದು ಬರೆಯಬಹುದಿತ್ತು, ಡಿಸೈನ್ ಭಾರವಾಗುತ್ತದಂತೆ.

ದೊಡ್ಡವರ ಮೇಲ್ಪಂಕ್ತಿಯೂ ಇದೆ ಅನ್ನಿ. 1978ರಲ್ಲಿ ಮ್ಯಾಂಚೆಸ್ಟರಿನ ರಸೆಲ್ ಕ್ಲಬ್ಬಿನಲ್ಲಿ 'ಫ್ಯಾಕ್ಟರಿ' ರಾತ್ರಿಗಳು ಶುರುವಾದಾಗ ಡಿಸೈನರ್ ಪೀಟರ್ ಸ್ಯಾವಿಲ್ ಮಾಡಿದ ಪೋಸ್ಟರ್ ಪ್ರಸಿದ್ಧವಾಯಿತು, ತಡವಾಗಿ ಬಂದದ್ದಕ್ಕೂ ಅಷ್ಟೇ ಪ್ರಸಿದ್ಧವಾಯಿತು. ನಮ್ಮ ಕಾಲದ ಡಿಸೈನರುಗಳು ಅದರಲ್ಲಿ ಕಲಿತದ್ದು ಎರಡನೆಯ ಭಾಗವನ್ನು ಮಾತ್ರ.

ಕೊನೆಗೆ ಎಣಿಕೆ. ಸಭಾಂಗಣ ಹಿಡಿಯುವುದು 250 ಮಂದಿ, ಫ್ಲೈಯರ್ 5000. ಪ್ಲೇಟಿನಿಂದ ಅಚ್ಚು ಹಾಕುವ ಆಫ್‌ಸೆಟ್‌ನಲ್ಲಿ ಪ್ಲೇಟು, ಯಂತ್ರ ಹೊಂದಿಸುವ ಖರ್ಚು ಮೊದಲ ಹಾಳೆಗೇ ಬಿದ್ದಿರುತ್ತದೆ, ಆಮೇಲಿನದು ಅಗ್ಗ, ಅಗ್ಗವಾದ್ದರಿಂದ ಬೇಕಾಯಿತು. ಡಬ್ಬ ಬಿಚ್ಚಿದಾಗ ವಾರ ತಪ್ಪಾಗಿದೆ. ಸರಿ, ಸ್ಟಿಕ್ಕರ್ ಅಂಟಿಸೋಣ. ಬಿಳಿ ಕಾಗದದ ತೆಳು ಸ್ಟಿಕ್ಕರಾದರೆ ಕೆಳಗಿನ ಕಪ್ಪು ಹಣಕುತ್ತದೆ, ಹಿಂಬದಿ ಬೆಳಕು ಬಿಡದಂಥದ್ದೇ ಬೇಕು. ಅದಕ್ಕೂ ಕನಿಷ್ಠ ಆರ್ಡರ್ 5000. ಪ್ರೂಫನ್ನು ಈ ಬಾರಿಯೂ ಎಲ್ಲರೂ ಫೋನಿನಲ್ಲೇ ನೋಡಿ ಹೆಬ್ಬೆರಳು ಎತ್ತಿದ್ದಾರೆ.