ಕನ್ನಡದ ಪದದಾಟಕ್ಕೆ ಕಾಗುಣಿತದ ನಿಯಮ ಬೇಕು

ದೂರದರ್ಶನ ಚಂದನದಲ್ಲಿ 2002ರಲ್ಲಿ ಶುರುವಾದ ‘ಥಟ್ ಅಂತ ಹೇಳಿ’ ಒಂದು ಮಾತನ್ನು ಸಾಬೀತು ಮಾಡಿದೆ. ಲಕ್ಷ, ಕೋಟಿಯ ಆಸೆ ತೋರಿಸದೆ, ಸರಿಯುತ್ತರಕ್ಕೆ ಪುಸ್ತಕ ಕೊಟ್ಟುಕೊಂಡೇ ಕನ್ನಡದ ಕ್ವಿಜ್ ವರ್ಷಗಟ್ಟಲೆ ನಡೆಯಬಲ್ಲದು. ಡಾ. ನಾ. ಸೋಮೇಶ್ವರ ಅವರು ಕಟ್ಟಿಕೊಟ್ಟ ಆ ನಂಬಿಕೆಯ ಮೇಲೆ, ಪೂರಾ ಪದಗಳನ್ನೇ ನೆಚ್ಚಿಕೊಂಡ ಒಂದು ಟಿವಿ ಆಟ ಕನ್ನಡಕ್ಕೆ ಬೇಕು ಅನ್ನುವುದು ನನ್ನ ವಾದ. ಆದರೆ ಇಂಥ ಆಟ ಮಾಡಲು ಹೊರಟವರ ಕೈಗೆ ಮೊದಲು ಸಿಗುವುದು ಇಂಗ್ಲಿಷ್ ಮಾದರಿ. ಎಡವುವುದೂ ಅಲ್ಲೇ.

ಬ್ರಿಟನ್ನಿನ ಚಾನೆಲ್ 4ರಲ್ಲಿ 1982ರಿಂದ ಬರುತ್ತಿರುವ ‘ಕೌಂಟ್‌ಡೌನ್’ ನೋಡಿ. 9 ಅಕ್ಷರ, 30 ಸೆಕೆಂಡು, ಸಿಕ್ಕಿದ್ದರಲ್ಲಿ ಅತಿ ಉದ್ದದ ಪದ ಹೇಳಬೇಕು. ಅಲ್ಲಿ ಇರುವುದೇ 26 ಅಕ್ಷರ. ಹಾಗಾಗಿ ಕಟ್ಟಿನಿಂದ ಯಾವುದನ್ನು ಎಳೆದರೂ ಏನೋ ಒಂದು ಪದ ಹುಟ್ಟುತ್ತದೆ. ನಮ್ಮಲ್ಲಿ 34 ವ್ಯಂಜನಗಳಿಗೆ ಸ್ವರ ಸೇರಿಸಿದರೆ ಗುಣಿತಾಕ್ಷರಗಳೇ 400 ದಾಟುತ್ತವೆ, ಒತ್ತಕ್ಷರ ಬೇರೆ. ಕಣ್ಣು ಮುಚ್ಚಿ 9 ಬಿಲ್ಲೆ ಎತ್ತಿದರೆ ‘ಢೌ’, ‘ಞಿ’ ಥರದವು ಬಂದು ಕೂತು ಆಟ ಸತ್ತೇಹೋಗುತ್ತದೆ.

ದಾರಿ ಇದು: ಮೊದಲು ತಾಯಿಪದ ಆರಿಸಿ, ಆಮೇಲೆ ಕಲಸಿ. ‘ಮಂಗಳಸೂತ್ರ’ ತಗೊಳ್ಳಿ. ಮಂ, ಗ, ಳ, ಸೂ, ತ್ರ, ಐದೇ ಬಿಲ್ಲೆ. ಅದರೊಳಗೆ ಮಂಗಳ ಇದೆ, ಸೂತ್ರ ಇದೆ, ಮಂಗ ಇದೆ, ಗಳ ಇದೆ. ಮೊದಲ ಬಿಲ್ಲೆಗೂ ಕೊನೆಯ ಬಿಲ್ಲೆಗೂ ಗಂಟು ಹಾಕಿದವರಿಗೆ ‘ಮಂತ್ರ’ವೂ ಸಿಗುತ್ತದೆ. ಹಾಗೇ ‘ಮರಗೆಲಸ’ದಲ್ಲಿ ಮರ, ಸರ, ರಸ, ಸಮ, ಸಮರ. ಐದರಿಂದ ಏಳು ಬಿಲ್ಲೆ ಸಾಕು, ಅದಕ್ಕಿಂತ ಹೆಚ್ಚಾದರೆ ನೋಡುವವರ ಕಣ್ಣು ಸೋಲುತ್ತದೆ. ಒಳಗಿನ ಪದಗಳನ್ನು ಇಬ್ಬರು ಬೇರೆಬೇರೆಯಾಗಿ ಕೂತು ಪಟ್ಟಿ ಮಾಡಬೇಕು. ಒಬ್ಬರ ಕಣ್ಣಿಗೆ ಬೀಳದ ಪದ ಇನ್ನೊಬ್ಬರಿಗೆ ಸಿಗುತ್ತದೆ, ಟಿವಿಯಲ್ಲಿ ಬರಬಾರದ ಪದವೂ ಆಗಲೇ ಸಿಕ್ಕಿಬೀಳುತ್ತದೆ.

ಎಣಿಕೆಯ ನಿಯಮ ಮೊದಲ ದಿನವೇ ಬರೆದಿಡಬೇಕು. ಪತ್ರಿಕೆಗಳ ಪದಬಂಧ ಬಿಡಿಸುವವರಿಗೆ ಇದು ಬಾಯಿಪಾಠ: ಒತ್ತು, ದೀರ್ಘ, ಸೊನ್ನೆ, ವಿಸರ್ಗ ಎಲ್ಲ ಸೇರಿ ಒಂದೇ ಮನೆ. ‘ಅಂಗಡಿ’ 3, ‘ದುಃಖ’ 2, ‘ಸ್ತ್ರೀ’ 1. ತಕರಾರು ಬರುವುದು ‘ಬಸ್’ ಅಂಥ ಅರ್ಧಾಕ್ಷರದಲ್ಲಿ ನಿಲ್ಲುವ ಪದಗಳಲ್ಲಿ. ಕೊನೆಯ ‘ಸ್’ಗೆ ಒಂದು ಮನೆ ಕೊಟ್ಟುಬಿಡುವುದು ಸರಳ. ಮನುಷ್ಯರಿಗೆ ಇಷ್ಟು ಸಲೀಸಾದ ಲೆಕ್ಕ ಪ್ರೋಗ್ರಾಂ ಬರೆಯುವಾಗ ಕೆಡುತ್ತದೆ. ಕಂಪ್ಯೂಟರು ಅಕ್ಷರಗಳನ್ನು ಗುರುತಿಸುವ ಸಂಕೇತಪದ್ಧತಿಯಾದ ಯೂನಿಕೋಡ್‌ನಲ್ಲಿ ‘ಕನ್ನಡ’ ಅಂದರೆ 5 ಸಂಕೇತ, ‘ಸ್ತ್ರೀ’ ಅಂದರೆ 6. ಸಂಕೇತದ ಲೆಕ್ಕದಲ್ಲಿ ಪದ ಕಲಸಿದರೆ ಅರ್ಧಾಕ್ಷರದ ‘್’ ಗುರುತು ಒಂದು ಕಡೆ, ‘ೀ’ ಇನ್ನೊಂದು ಕಡೆ ಅನಾಥವಾಗಿ ಪರದೆಯ ಮೇಲೆ ತೇಲುತ್ತವೆ. ಅಕ್ಷರವನ್ನು ಇಡಿಯಾಗಿ ಕತ್ತರಿಸಿಕೊಂಡು, ಆಮೇಲೆ ಕಲಸಬೇಕು.

ಬಿಲ್ಲೆಯ ಆಕಾರದಲ್ಲೂ ಹೀಗೇ. ಇಂಗ್ಲಿಷ್ ಅಳತೆಯ ಚೌಕದಲ್ಲಿ ‘ತ್ರ’ದ ಒತ್ತು ಕೆಳಗೆ ತುಂಡಾಗುತ್ತದೆ, ‘ಕೋ’ ಬಲಕ್ಕೆ ಹೊರಚಾಚುತ್ತದೆ. ಕೆಳಗೆ ಒತ್ತಿಗೆ, ಬಲಕ್ಕೆ ದೀರ್ಘಕ್ಕೆ ಜಾಗ ಬಿಟ್ಟು ಮೂಲಾಕ್ಷರವನ್ನು ಸ್ವಲ್ಪ ಮೇಲೆ ಕೂರಿಸಿ. ‘ಸ್ತ್ರೀ’ ಹಾಕಿ ಪರೀಕ್ಷಿಸಿ, ಅದು ಕೂತರೆ ಉಳಿದದ್ದೆಲ್ಲ ಕೂರುತ್ತದೆ.

ಖಾಲಿ ಮನೆ ತುಂಬುವ ಗಾದೆ ಸುತ್ತಿನಲ್ಲಿ ಇನ್ನೊಂದು ತೊಡಕು. ‘ಕೈ ಕೆಸರಾದರೆ ಬಾಯಿ ಮೊಸರು’ ಅನ್ನುವುದಕ್ಕೆ 11 ಮನೆ. ಸ್ಪರ್ಧಿ ‘ಸ’ ಅಂದರೆ ಎರಡು ಮನೆ ತೆರೆಯುತ್ತವೆ, ಸರಿ. ‘ರ’ ಅಂದರೆ? ಅಕ್ಷರಶಃ ನೋಡಿದರೆ ಒಂದೂ ಇಲ್ಲ, ಇರುವುದು ರಾ, ರೆ, ರು. ಇಲ್ಲ ಅಂದುಬಿಟ್ಟರೆ ಆಡುವವರಿಗೆ ಮೋಸವಾದ ಹಾಗೆ ಅನ್ನಿಸುತ್ತದೆ, ನೂರಾರು ಗುಣಿತಾಕ್ಷರಗಳಲ್ಲಿ ತಡಕಾಡುತ್ತಲೇ ಸಮಯ ಮುಗಿಯುತ್ತದೆ. ‘ರ’ ಅಂದಾಗ ಇಡೀ ರ-ಕಾಗುಣಿತ ತೆರೆಯಬೇಕು, ಮೂರೂ ಮನೆ ತುಂಬಬೇಕು. ಒತ್ತಕ್ಷರವಾದರೆ ಮೂಲಾಕ್ಷರ ಕರೆದಾಗ ಅದಷ್ಟೇ ಕಾಣಲಿ, ಒತ್ತಿನ ಅಕ್ಷರ ಕರೆದ ಮೇಲೆ ಒತ್ತು ಬರಲಿ.

ಇಷ್ಟರಲ್ಲೂ ನನಗೆ ಅತಿ ಪ್ರೀತಿಯದು ಬರೀ ವ್ಯಂಜನ ಕೊಡುವ ಸುತ್ತು. ಪರದೆಯ ಮೇಲೆ ‘ಮ-ರ’ ಅಂತ ಎರಡೇ ಅಕ್ಷರ, ಸ್ವರ ನಿಮ್ಮದು, ಒತ್ತು ಹಾಕುವಂತಿಲ್ಲ. ಮರ, ಮರಿ, ಮರೆ, ಮಾರು, ಮಾರಿ, ಮೀರು, ಮುರಿ, ಮೂರು, ಮೆರೆ, ಮೇರೆ, ಮೊರೆ, ಮೋರೆ, ಮೋರಿ... ಇನ್ನೂ ಇವೆ! ಬೇರೆ ಖರ್ಚಿಲ್ಲ, ಸೆಟ್ಟು ಬೇಡ, ಮೂರನೇ ಕ್ಲಾಸಿನ ಮಗುವೂ ಅಜ್ಜಿಯೂ ಒಟ್ಟಿಗೆ ಕೂತು ಆಡಬಹುದು. ಕಾರ್ಯಕ್ರಮದ ಬೆನ್ನೆಲುಬು ಈ ಸುತ್ತೇ ಆಗಬೇಕು.

ತೀರ್ಪಿಗೆ ನಿಘಂಟು ಒಂದೇ ಇರಲಿ, ಕನ್ನಡ ಸಾಹಿತ್ಯ ಪರಿಷತ್ತಿನ 8 ಸಂಪುಟಗಳ ನಿಘಂಟು ಇದಕ್ಕೆ ತಕ್ಕದ್ದು. ಮುಖ್ಯಪದವಾಗಿ ಇದ್ದರೆ ಮಾತ್ರ ಅಂಕ. ಈ ಕಟ್ಟು ಇಲ್ಲದಿದ್ದರೆ ‘ಗಳು’ ಅನ್ನುವ ಎರಡು ಬಿಲ್ಲೆ ಸಿಕ್ಕವರು ಎಲ್ಲಕ್ಕೂ ಬಾಲ ಅಂಟಿಸಿ ಅಂಕ ಬಾಚಿಕೊಳ್ಳುತ್ತಾರೆ. ಮುರಿ, ಮೀರು ಅಂಥ ಧಾತುಗಳು ನಿಘಂಟಿನಲ್ಲೇ ಇರುವುದರಿಂದ ನಡೆಯುತ್ತವೆ. ಉತ್ತರವನ್ನು ಬಾಯಲ್ಲಿ ಕೇಳದೆ ಸ್ಲೇಟಿನ ಮೇಲೆ ಬರೆಸಿ. ದನ-ಧನ, ಹಾಲು-ಆಲು ಯಾವುದು ಅಂತ ಉಚ್ಚಾರಣೆಯ ಮೇಲೆ ಜಗಳ ಬರುವುದಿಲ್ಲ, ಯಾರ ಊರಿನ ಮಾತಿನ ಧಾಟಿಗೂ ಅವಮಾನ ಆಗುವುದಿಲ್ಲ.

ಊರಿನ ಮಾತು ಅಂದೆನಲ್ಲ, ಸುಳಿವು ಬರೆಯುವವರು ಬೆಂಗಳೂರು-ಮೈಸೂರು ಬಿಟ್ಟು ಆಚೆಗೂ ನೋಡಬೇಕು. ‘ಕಸ ಗುಡಿಸುವ ಸಾಧನ’ ಅಂತ ಕೇಳಿ ‘ಪೊರಕೆ’ ಒಂದನ್ನೇ ಒಪ್ಪಿದರೆ ಅರ್ಧ ಕರ್ನಾಟಕ ಟಿವಿ ಆರಿಸುತ್ತದೆ. ಅದೇ ಪ್ರಶ್ನೆಗೆ 3, 4, 5 ಮನೆಗಳ ಮೂರು ಸಾಲು ತೋರಿಸಿ. ಪೊರಕೆ, ಹಿಡಿಸೂಡಿ, ಕಸಬರಿಗೆ ಮೂರೂ ಕೂರುತ್ತವೆ. ಒಂದಕ್ಕೆ ಅಂಕ ಕೊಡಿ, ಮೂರೂ ತುಂಬಿದವರಿಗೆ ಪುಸ್ತಕ ಕೊಡಿ.